ಸದ್ದಿಗೆ ಅಂಗಿ ಹೊಲಿಯುವ ದರ್ಜಿಯಮ್ಮ

ಸೂರ್ಯ ಇನ್ನೂ ಮೂಡಿಲ್ಲ. ವಿಶ್ವವಿದ್ಯಾಲಯದ ಸಭಾಂಗಣದ ಹಿಂದೆ, ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ದರ್ಜಿಯಮ್ಮ ನೆಲದ ಮೇಲೆ ಕೂತು, ತೋಳಿಲ್ಲದ ಕಪ್ಪು ಕೋಟೊಂದನ್ನು ಮಡಿಲಲ್ಲಿ ಒಳಹೊರಗು ಮಾಡಿಕೊಂಡು, ಅದರ ಲೈನಿಂಗಿಗೆ ಪುಟ್ಟ ಜೇಬು ಹೊಲಿಯುತ್ತಿದ್ದಾರೆ. ಅಂಗಿಯ ಗುಂಡಿಯಷ್ಟೇ ಅಗಲದ ಮೋಟರೊಂದು ಅದರೊಳಗೆ ಕೂರಬೇಕು. ಬಾಯಲ್ಲಿ ದಾರ ಕಚ್ಚಿಕೊಂಡಿರುವುದರಿಂದ, ಮಾತಾಡಿಸಲು ಬಂದ ನನಗೆ ಕೂರಲು ಕಣ್ಣಲ್ಲೇ ಸನ್ನೆ ಮಾಡುತ್ತಾರೆ.

ಇವತ್ತು ಇಲ್ಲಿ ಡಿಜಿಟಲ್ ಕಲೆ ಮತ್ತು ರಂಗಪ್ರದರ್ಶನ ಕುರಿತ ವಿಚಾರ ಸಂಕಿರಣ. ಸಂಜೆ ಸಂಶೋಧಕಿಯೊಬ್ಬರು ಡೋಲು ಬಾರಿಸುತ್ತಾರೆ. ಕಂಪ್ಯೂಟರು ಆ ಸದ್ದನ್ನು ಕಂಪನವಾಗಿಸಿ ಕೋಟುಗಳೊಳಗಿನ ಮೋಟರುಗಳಿಗೆ ಕಳಿಸುತ್ತದೆ. ತೊಟ್ಟವರು ಸಂಗೀತವನ್ನು ಮೈಯಿಂದ ಕೇಳುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಸಂಶೋಧಕಿಯ ಹೆಸರಿದೆ, ಪ್ರಾಯೋಜಕರ ಹೆಸರಿದೆ. ಹೊಲಿದವರದ್ದಿಲ್ಲ.

"ಅಂಗಿ ಹಾಕ್ಕೊಂಡೋರು ಕಾಲರ್ ತಿರುಗಿಸಿ ದರ್ಜಿ ಹೆಸರು ಹುಡುಕ್ತಾರಾ?" ಎಂದು ದರ್ಜಿಯಮ್ಮ ನಗುತ್ತಾರೆ.

ಬಹಳ ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದ ಕೈ ಅದು. ಸಿದ್ಧ ಉಡುಪು ಬಂದು ಅಂಗಡಿಗೆ ಬಾಗಿಲು ಬಿತ್ತು. ಈಗ ನಾಟಕ ವಿಭಾಗದಲ್ಲಿ ದಿನಗೂಲಿ. ಮೊದಲ ಕೋಟನ್ನು ರೂಢಿಯಂತೆ ಇಸ್ತ್ರಿ ಮಾಡಿ ಒಳಗಿನ ತಂತಿಗಳನ್ನೆಲ್ಲ ಸುಟ್ಟಿದ್ದರು.

"ವಾಸನೆ ಬಂತು, ಈ ಸಂಶೋಧನೆ ಮೇಡಂ ಓಡಿ ಬಂದ್ರು. ಇವತ್ತಿಗೆ ನನ್ನ ಕಥೆ ಮುಗೀತು ಅಂದ್ಕೊಂಡೆ. 'ಅಮ್ಮಾ, ಕೈ ಸುಟ್ಕೊಂಡ್ರಾ?' ಅಂತ ಕೇಳಿದ್ರು. ಆಮೇಲೆ ಈ ಕೆಲಸ ಬಿಡೋಕೆ ಮನಸ್ಸೇ ಬರ್ಲಿಲ್ಲ."

ಅವರ ಗಂಡ ಬ್ಯಾಂಡ್ ತಂಡದಲ್ಲಿ ಡೋಲು ಬಾರಿಸುತ್ತಿದ್ದವರು. ಜ್ವರವೊಂದು ಬಂದು ಕಿವಿ ಎರಡನ್ನೂ ಕಿತ್ತುಕೊಂಡು ಹೋಯಿತು.

"ಡೋಲು ಯಾರಿಗೋ ಕೊಟ್ಟುಬಿಟ್ರು. ಮಾತೂ ನಿಂತುಹೋಯ್ತು. ಮನೇಲಿ ನಾನೊಬ್ಳೇ ಮಾತಾಡ್ತಿದ್ದೆ, ಗೋಡೆಗೆ ಹೇಳೋ ಹಾಗೆ."

ಕಳೆದ ತಿಂಗಳು ಕೋಟನ್ನು ಯಾರ ಮೇಲಾದರೂ ಪರೀಕ್ಷಿಸಬೇಕಾಯಿತು. ಬರಲೊಲ್ಲೆ ಎಂದ ಗಂಡನನ್ನು ದರ್ಜಿಯಮ್ಮ ಹೆಚ್ಚುಕಡಿಮೆ ಎಳೆದುಕೊಂಡೇ ಬಂದರು. ಸಂಶೋಧಕಿ ಬಾರಿಸಿದರು. ಗಂಡನ ಮುಖದಲ್ಲಿ ಏನೂ ಇಲ್ಲ. ಬಡಕಲು ಮೈ, ಕೋಟು ಗೂಟಕ್ಕೆ ನೇತುಹಾಕಿದ ಹಾಗಿತ್ತು, ಮೋಟರುಗಳು ಮೈಗೆ ತಾಗುತ್ತಲೇ ಇರಲಿಲ್ಲ. ಅವರು ಗುಂಡಿ ಬಿಚ್ಚಿ, ಯಾರ ಮುಖವನ್ನೂ ನೋಡದೆ ಹೊರಡಲು ಎದ್ದರು.

"ರಟ್ಟೆ ಹಿಡಿದು ಕೂರಿಸ್ದೆ. ಮೈ ಮೇಲಿದ್ದ ಹಾಗೇ ಎರಡೂ ಪಕ್ಕ ಹಿಡಿದು ಹೊಲಿದೆ. ಈ ಸಲವೂ ಆಗ್ದಿದ್ರೆ ಇನ್ನು ಮನೆಯಿಂದ ಹೊರಗೇ ಬರಲ್ಲ ಇವ್ರು ಅಂತ ಗೊತ್ತಿತ್ತು."

ಸಂಶೋಧಕಿ ಮತ್ತೆ ಬಾರಿಸಿದರು. ಮೊದಲು ಗಂಡನ ಕಾಲಿನ ಹೆಬ್ಬೆರಳು ಅಲುಗಿತು. ಆಮೇಲೆ ಇಡೀ ಪಾದ. ಸಂಶೋಧಕಿ ಕೋಲು ಕೆಳಗಿಡುತ್ತಿದ್ದ ಹಾಗೆ, ಕೋಣೆ ಬೆಚ್ಚುವಷ್ಟು ಗಟ್ಟಿಯಾಗಿ ಗಂಡ ಕೂಗಿದರು: "ಇವಳೇ, ನಿಲ್ಲಿಸ್ಬೇಡಿ ಅಂತ ಹೇಳು!"

ಇವತ್ತು ಸಂಜೆ ಪ್ರದರ್ಶನ. ವಿದ್ವಾಂಸರ ನಡುವೆ ಮುಂದಿನ ಸಾಲಿನಲ್ಲಿ ದರ್ಜಿಯಮ್ಮನ ಗಂಡನೂ ಕೋಟು ತೊಟ್ಟು ಕಣ್ಣು ಮುಚ್ಚಿ ಕೂತಿದ್ದಾರೆ. ಮುಗಿದಾಗ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟುತ್ತದೆ. ಹೊಲಿದವರು ವೇದಿಕೆಗೆ ಬರಬೇಕೆಂದು ಸಂಶೋಧಕಿ ಮೈಕಿನಲ್ಲಿ ಕರೆಯುತ್ತಾರೆ. ಪರದೆಯ ಹಿಂದೆ ದರ್ಜಿಯಮ್ಮ "ಬಂದೆ, ಬಂದೆ" ಎನ್ನುತ್ತಾರೆಯೇ ಹೊರತು ಏಳುವುದಿಲ್ಲ. ಕೊನೆಗೆ ಗಂಡನೇ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾರೆ, ಕೈಬೆರಳಿನಿಂದ ನೆಲದ ಮೇಲೆ ಏನನ್ನೋ ಬಾರಿಸುತ್ತಾ ಹೆಂಡತಿಗೆ ವಿವರಿಸತೊಡಗುತ್ತಾರೆ. ಮಾತು ನಿಲ್ಲುವ ಲಕ್ಷಣ ಕಾಣುವುದಿಲ್ಲ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ದರ್ಜಿಯಮ್ಮ ಗಂಡನ ಕೋಟಿನ ಅಂಚು ಮುಟ್ಟಿ ನೋಡುತ್ತಾರೆ.

"ನನ್ನ ಅಳತೆಗೂ ಒಂದು ಹೊಲ್ಕೋಬೇಕು. ನಂಗೆ ಕಿವಿ ಇದೆ, ನಿಜ. ಆದ್ರೂ ಇವ್ರಿಗೆ ಕೇಳಿಸಿದ್ದು ಎಂಥದ್ದು ಅಂತ ನನ್ನ ಬೆನ್ನಿಗೂ ಒಂದ್ಸಲ ಗೊತ್ತಾಗ್ಲಿ."