ಮೂವತ್ತೆರಡು ನಿಮಿಷದ ಹಾದಿ

ಇದನ್ನು ಹೇಳಿಬಿಡಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಪ್ರತಿ ಸಲವೂ ಒಂದು ನೆಪ. ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಸಾಬರ ಕುತ್ತಿಗೆ. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವಾಗಲೂ ಅದು ಆಕಾಶದ ಕಡೆಗೇ ವಾಲಿರುತ್ತಿತ್ತು. ಅರ್ಧ ಎಣ್ಣೆ ಲುಂಗಿಯ ಪಾಲು.

ಶಿವಮೊಗ್ಗದ ಗಾಂಧಿಬಜಾರಿನ ಹಿಂದಿನ ಓಣಿಯಲ್ಲಿ ಸಾಬರ ಸೈಕಲ್ ಶಾಪು, ಅದರ ಮಾಡಿನ ಮೇಲೆ ಪಾರಿವಾಳದ ಗೂಡು. ಅರವತ್ತರ ದಶಕದ ಮೊದಲಿಗೆ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಬೆಳಗಿನ ರೈಲಿಗೆ ಹೊರಟಾಗ ಸಾಬರು ಆಗಾಗ ಒಂದು ಬೆತ್ತದ ಬುಟ್ಟಿ ಕೊಡುತ್ತಿದ್ದರು. ಒಳಗೆ ಅವರ ಬೂದು ಹೆಣ್ಣು ಪಾರಿವಾಳ. ಹನ್ನೆರಡಕ್ಕೆ ಸರಿಯಾಗಿ ಕಾರ್ಖಾನೆಯ ಸೈರನ್ ಕೂಗುತ್ತಲೇ ನಾನು ಅದನ್ನು ಬಿಡಬೇಕು. ಇಲ್ಲಿ ಅವರು ಗಡಿಯಾರ ಹಿಡಿದು ಕಾಯುವರು. ಹಕ್ಕಿ ಎಷ್ಟು ನಿಮಿಷಕ್ಕೆ ಬಂತೆಂದು ಅಂಗಡಿಯ ಬಾಗಿಲ ಹಲಗೆಯ ಮೇಲೆ ಮೊಳೆಯಿಂದ ಗೀಚುವರು.

“ಬಸ್ಸಿಗೆ ಹನ್ನೆರಡು ಮೈಲಿ ತಮ್ಮಾ, ಇವಳಿಗೆ ಹತ್ತೂ ಇಲ್ಲ. ಇವಳಿಗೇನು ರೋಡ್ ಬೇಕಾ, ಸೇತುವೆ ಬೇಕಾ? ಇಪ್ಪತ್ತು ನಿಮಿಷ ಸಾಕು,” ಎನ್ನುತ್ತಿದ್ದರು.

ಹತ್ತಿರದಲ್ಲೇ ತಾವೂ ಪಾರಿವಾಳ ಸಾಕಿದ್ದ ಜಟಕಾ ಗಾಡಿಯ ಯಜಮಾನರು ನಂಬಲಿಲ್ಲ. “ಭದ್ರಾವತಿಯಿಂದ ಇಪ್ಪತ್ತು ನಿಮಿಷಕ್ಕಾ? ಹಂಗಾದ್ರೆ ನನ್ನ ಕುದುರೆಗೂ ರೆಕ್ಕೆ ಕಟ್ಟಿಸ್ತೀನಿ ಬಿಡಿ!”

“ಅಷ್ಟರಲ್ಲಿ ಬರ್ಲಿಲ್ಲ ಅಂದ್ರೆ ಇವಳು ನಿಮ್ಮ ಗೂಡಿಗೆ,” ಎಂದುಬಿಟ್ಟರು ಸಾಬರು.

ಪಂದ್ಯದ ದಿನ ನಾನು ಕ್ಯಾಂಟೀನಿನಲ್ಲಿ ಗೆಳೆಯರೊಡನೆ ಸಿನಿಮಾ ಮಾತಿನಲ್ಲಿದ್ದೆ. ಸೈರನ್ ಕೂಗಿತು. ಕೇಳಿಸಿತು ಕೂಡ. ಈ ಮಾತೊಂದು ಮುಗಿಯಲಿ ಎಂದುಕೊಂಡೆ. ಬುಟ್ಟಿಯ ಮುಚ್ಚಳ ತೆಗೆದಾಗ ಹನ್ನೆರಡೂ ಕಾಲು.

ಸಂಜೆ ಓಣಿಗೆ ಬಂದರೆ ಗೂಡು ಖಾಲಿ; ಹಕ್ಕಿ ಆಗಲೇ ಯಜಮಾನರ ಪಾಲಾಗಿತ್ತು. ಹಲಗೆಯ ಮೇಲೆ ಹೊಸದಾಗಿ ೩೨.

“ಸೈರನ್ ಆಗ್ತಿದ್ದಂಗೇ ಬಿಟ್ಯಾ?”

“ಬಿಟ್ಟೆ ಸಾಬ್ರೆ.”

“ಹಂಗಾದ್ರೆ ಗಿಡುಗ ಅಟ್ಟಿರ್ಬೇಕು ಪಾಪ. ಸುತ್ತಿ ಬಳಸಿ ಬಂದವಳೆ,” ಎಂದರು. ಸುತ್ತ ನಿಂತು ನಗುತ್ತಿದ್ದವರಿಗೂ ಅದನ್ನೇ ಹೇಳಿದರು. ನಾನು ಖಾಲಿ ಬುಟ್ಟಿ ಒಳಗಿಟ್ಟು ಮನೆಗೆ ನಡೆದೆ.

ಯಜಮಾನರು ಹಕ್ಕಿಯ ರೆಕ್ಕೆಗೆ ದಾರ ಕಟ್ಟಿಟ್ಟಿದ್ದರು. ತಿಂಗಳ ಮೇಲೆ ದಾರ ಬಿಚ್ಚಿದ ದಿನವೇ ಅದು ಸಾಬರ ಮಾಡಿಗೆ ಬಂದು ಕೂತಿತು. ಸಾಬರು ಅದನ್ನು ಎದೆಗೊತ್ತಿಕೊಂಡು ಹೋಗಿ ಕೊಟ್ಟು ಬಂದರು. ಹಾಗೆ ಮೂರು ಸಲ. ಮೂರನೆಯ ಸಲ ಯಜಮಾನರೇ ಕೈಮುಗಿದರು. “ಇಟ್ಕೊಳ್ಳಿ ಮಾರಾಯ್ರೆ. ನನ್ನ ಕಾಳು ತಿಂದು ನಿಮ್ಮನೆ ಕಡೆ ನೋಡ್ತಾ ಕೂರ್ತಾಳೆ.”

ಮರುವಾರ ಸಾಬರು ಬುಟ್ಟಿಯನ್ನು ಮತ್ತೆ ನನ್ನ ಕೈಗೇ ಕೊಟ್ಟರು. “ಬೇರೆಯವ್ರಿಗೆ ಕೊಡಿ,” ಎಂದೆ.

“ಯಾಕೆ? ನಿನ್ನ ಕೈ ಅವಳಿಗೆ ಗೊತ್ತು. ನೀನೇ ಬಿಡಬೇಕು.”

ಅಂದು ಹನ್ನೊಂದೂವರೆಗೇ ಗೇಟಿನ ಹೊರಗೆ ಬಿಸಿಲಲ್ಲಿ ನಿಂತೆ. ಸೈರನ್ನಿನ ಮೊದಲ ದನಿಗೇ ಬಿಟ್ಟೆ.

ಸಂಜೆ ಹಲಗೆಯ ಮೇಲೆ ೩೨ರ ಕೆಳಗೆ ೧೭ ಇತ್ತು. ಸಾಬರು ಎರಡನ್ನೂ ನೋಡಿದರು, ನನ್ನನ್ನೂ ನೋಡಿದರು. “ದಾರಿ ಅಷ್ಟೇ, ರೆಕ್ಕೆನೂ ಅವೇ,” ಎಂದು ನಕ್ಕು ನನಗೊಂದು ಚಾ ತರಿಸಿದರು. ಆ ಚಾ ಕುಡಿಯುತ್ತಲಾದರೂ ಹೇಳಬಹುದಿತ್ತು.

ಅವರು ತೀರಿಕೊಂಡಾಗ ಜನಾಜಕ್ಕೆ ಹೆಗಲು ಕೊಟ್ಟೆ; ಆಗಲೂ ಹೇಳಲಿಲ್ಲ. ಆದರೆ ಆ ಬಿಸಿಲಿನ ದಿನದಿಂದೀಚೆಗೆ ನನ್ನ ಕೈಗೆ ಯಾರು ಏನು ಒಪ್ಪಿಸಿದರೂ ಹೊತ್ತು ಮೀರಿಸಿದವನಲ್ಲ. ಅದು ಅವರು ಕೊಟ್ಟದ್ದು.

ಅಂಗಡಿ ಈಗ ಅವರ ಮೊಮ್ಮಗನದು. ಮಾಡಿನ ಮೇಲೆ ಇನ್ನೂ ಪಾರಿವಾಳಗಳಿವೆ, ಹಳೆಯ ಹಲಗೆಯೂ ಇದೆ. ನಾಳೆ ಹೋಗಿ ಅವನಿಗೆ ತೋರಿಸಿ ಹೇಳುತ್ತೇನೆ: ಈ ಮೂವತ್ತೆರಡರಲ್ಲಿ ಹದಿನೈದು ನಿಮಿಷ ನನ್ನ ತಡ, ನಾನು ಕೇಳದೆ ಉಳಿಸಿಕೊಂಡ ಕ್ಷಮೆ ನಿನ್ನ ತಾತನಿಗೆ ಸಲ್ಲಬೇಕಾದದ್ದು, ನಮ್ಮ ಸೈಕಲ್ ಶಾಪಿನ ಸಾಬರಿಗೆ.