ಮೂರು ಭಾನುವಾರದ ಮಳೆ

ಈ ವರ್ಷ ಹುಬ್ಬಳ್ಳಿಯಲ್ಲಿ ಮೂರು ಭಾನುವಾರ ಮಳೆ ಸುರಿಸಿದವಳು ನಾನು. ಹವಾಮಾನ ಇಲಾಖೆಯವರ ಬಳಿ ಇದರ ದಾಖಲೆ ಇರಲಿಕ್ಕಿಲ್ಲ. ಸುರಿದದ್ದು ರೈಲ್ವೆ ಕಾಲೊನಿಯ ಫುಟ್‌ಬಾಲ್ ಮೈದಾನದ ಮೇಲೆ ಮಾತ್ರ. ಅದೂ ನಮ್ಮ ಕಾಲೊನಿ ತಂಡ ಸೋತ ದಿನಗಳಲ್ಲಿ, ಸಂಜೆ ನಾಲ್ಕರಿಂದ ಆರರವರೆಗೆ. ಅಲ್ಲಿಂದ ಏಳೆಂಟು ಕಿಲೋಮೀಟರ್ ದೂರದ ನವನಗರದ ಮನೆಯಲ್ಲಿ ಕಾದು ಕೂತ ಅಪ್ಪನಿಗೆ ಈ ಮಳೆಯ ಸುದ್ದಿಯನ್ನು ನಾನು ತಂದು ಮುಟ್ಟಿಸುತ್ತಿದ್ದೆ. ಸುಳ್ಳು ಹೇಳುವವರಿಗೆ ನಮ್ಮ ಅವಳಿ ನಗರದ ಮಳೆ ಬಹಳ ಅನುಕೂಲದ್ದು. ಒಂದು ಓಣಿಯವರು ಕೊಡೆ ಬಿಚ್ಚಿದ ಹೊತ್ತಿಗೆ ಮುಂದಿನ ಓಣಿಯಲ್ಲಿ ಹಪ್ಪಳ ಒಣಗುತ್ತಿರುತ್ತವೆ.

ಅಪ್ಪನಿಗೆ ಎಪ್ಪತ್ತಾರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಬೇಸಿಗೆಯ ಕೊನೆಗೆ ಅವನ ಎದೆ ಒಮ್ಮೆ ಕೈಕೊಟ್ಟಿತು. ಸತ್ತೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಹೊರಡುವಾಗ ಡಾಕ್ಟರು ಉಪ್ಪು, ತುಪ್ಪ, ಮೆಟ್ಟಿಲು ಎಲ್ಲದರ ಬಗ್ಗೆ ಹೇಳಿ, ಕೊನೆಗೆ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದರು.

"ಫುಟ್‌ಬಾಲ್ ನೋಡಬಹುದೇನ್ರಿ?" ಎಂದ ಅಪ್ಪ.

"ನೋಡ್ರಿ. ಆದ್ರ ಮನಸ್ಸಿಗೆ ಹಚ್ಕೊಳ್ದ ನೋಡ್ರಿ."

"ಹಂಗ ನೋಡೂದಾದ್ರ ಕ್ರಿಕೆಟ್ ನೋಡ್ತಿದ್ನೆಲ್ಲರಿ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಐ.ಸಿ.ಯು. ಹೊರಗಿನ ಕುರ್ಚಿಯಲ್ಲಿ ಕಳೆದ ಮೂರು ದಿನ ನನ್ನನ್ನು ನಗುವ ಸಂಗತಿಗಳಿಂದ ಸ್ವಲ್ಪ ದೂರ ಇಟ್ಟಿದ್ದವು. ಆ ಕ್ಷಣದಿಂದ ನನ್ನ ಕಣ್ಣಿಗೆ ಕಾಲೊನಿ ತಂಡದ ಹನ್ನೊಂದು ಹುಡುಗರೂ ಅಪ್ಪನ ರಕ್ತನಾಳದಲ್ಲೇ ಓಡಾಡುವವರ ಹಾಗೆ ಕಾಣತೊಡಗಿದರು.

ವಿದ್ಯಾನಗರದ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕಾವ್ಯಮೀಮಾಂಸೆಯ ಪಾಠದಲ್ಲಿ ಪ್ರತಿವರ್ಷ ಒಂದು ಮಾತು ಹೇಳುತ್ತೇನೆ: ರಂಗದ ಮೇಲಿನ ದುಃಖ ನನ್ನದಲ್ಲ, ನಿನ್ನದಲ್ಲ, ಯಾರದೂ ಅಲ್ಲ, ಆದ್ದರಿಂದಲೇ ಅದನ್ನು ನೋಡಿ ಸುಖಪಡುತ್ತೇವೆ. ಮಕ್ಕಳು ಬರೆದುಕೊಳ್ಳುತ್ತಾರೆ. ಈ ಸಿದ್ಧಾಂತವನ್ನು ರಚಿಸಿದ ಪ್ರಾಚೀನರು ಯಾರೂ ತಮ್ಮ ತಂಡ ಒಂದು ಗೋಲಿನಿಂದ ಹಿಂದಿರುವಾಗ ಗೆರೆಯ ಪಕ್ಕದಲ್ಲಿ ನಿಂತವರಲ್ಲ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅಭಿಮಾನಿಯ ದುಃಖ ಯಾರದೂ ಅಲ್ಲದ ದುಃಖವಲ್ಲ. ಅದು ಸಂಪೂರ್ಣವಾಗಿ ಅವನದೇ, ಮನೆಗೆ ಹೊತ್ತು ತರಬೇಕಾದದ್ದು. ನಮ್ಮಪ್ಪ ಅದನ್ನು ಸೈಕಲ್ಲಿನ ಮೇಲೆ ತರುತ್ತಿದ್ದ.

ನನ್ನ ಎಂಟನೆಯ ವಯಸ್ಸಿಗೆ ಅವನ ಜೊತೆ ಮೈದಾನಕ್ಕೆ ಹೋಗುವ ಕೆಲಸ ನನಗೆ ಬಂತು. ಕೆಲಸ ಎಂದೇ ಅನ್ನಬೇಕು, ಏಕೆಂದರೆ ಕಳಿಸಿದವಳು ಅವ್ವ. "ಕೂಸು ಜೋಡಿ ಇದ್ರ ರೆಫರಿ ಕೂಡ ಜಗಳಾ ತಗ್ಯಾಂಗಿಲ್ಲ" ಎಂಬುದು ಅವಳ ಎಣಿಕೆ. ಅಪ್ಪ ನನಗೆ ಇನ್ನೊಂದು ಕೆಲಸ ಕೊಟ್ಟ. ಪೆನಾಲ್ಟಿಯನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ರೆಫರಿ ಆ ಬಿಳಿ ಚುಕ್ಕೆಯ ಕಡೆ ಕೈ ತೋರಿಸಿದ್ದೇ ತಡ, ಮೈದಾನಕ್ಕೆ ಬೆನ್ನು ಮಾಡಿ ನಿಂತು, ಎದುರಿನ ಬೇವಿನ ಮರವನ್ನು ದಿಟ್ಟಿಸುತ್ತ ನನ್ನ ಕೈ ಹಿಡಿದುಕೊಳ್ಳುತ್ತಿದ್ದ. ವರ್ಕ್‌ಶಾಪಿನ ಎಣ್ಣೆ ಹತ್ತಿದ, ದೊಡ್ಡ, ಬೆವರಿದ ಕೈ.

"ನೀ ನೋಡು. ಏನಾದ್ರೂ ಖರೇ ಹೇಳು. ಮಂದಿ ಸುಳ್ಳ ಚೀರ್ತಾರ."

ನಾನು ನೋಡುತ್ತಿದ್ದೆ. ನೋಡಿದ್ದನ್ನು ಹೇಳುತ್ತಿದ್ದೆ. "ಆತು" ಅಥವಾ "ಹೋತು". ಅವನು ಜನರ ಕೂಗನ್ನು ನಂಬದೆ ನನ್ನ ಮಾತಿಗೆ ಕಾದು, ಆಮೇಲೆ ತಿರುಗುತ್ತಿದ್ದ. ಇಡೀ ಬಾಲ್ಯದಲ್ಲಿ ನನ್ನನ್ನು ಯಾರಾದರೂ ಅಷ್ಟು ಗಂಭೀರವಾಗಿ ನಂಬಿದ್ದು ಆ ಗೆರೆಯ ಪಕ್ಕದಲ್ಲಿ ಮಾತ್ರ.

ಗೆದ್ದ ದಿನ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಗಂಟೆ ಬಾರಿಸುತ್ತ ಮನೆಗೆ ಬರುತ್ತಿದ್ದ. ಸೋತ ದಿನ ಸೈಕಲ್ ಹತ್ತುತ್ತಿರಲಿಲ್ಲ. ತಳ್ಳಿಕೊಂಡು ಬರುತ್ತಿದ್ದ, ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಯಾಕೆಂದು ಕೇಳಿದರೆ "ಪಂಕ್ಚರ್ ಆಗೇತಿ" ಅನ್ನುತ್ತಿದ್ದ. ನಮ್ಮ ತಂಡ ಸೋತಾಗಲೆಲ್ಲ ಸೈಕಲ್ ಪಂಕ್ಚರ್ ಆಗುವುದು ನನಗೆ ಆಗ ವಿಚಿತ್ರ ಅನ್ನಿಸಲಿಲ್ಲ. ದುಃಖಕ್ಕೆ ಗಾಲಿಯ ಗಾಳಿ ಇಳಿಯುವುದು ಸಹಜ ಎಂದೇ ತಿಳಿದಿದ್ದಿರಬೇಕು.

'ತಿಳಿದಿದ್ದಿರಬೇಕು' ಎನ್ನುತ್ತೇನೆ, ಏಕೆಂದರೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಒಂಬತ್ತನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ನೆನಪಿನ ಮೇಲೆ ಕಾವಲಿಗೆ ಇಟ್ಟುಕೊಂಡ ನಾಯಿ ಅದು. ಆದರೆ ಮೊನ್ನೆ ಹಳೆಯ ಪುಸ್ತಕ ತೆರೆದು ನೋಡಿದರೆ, ತಂಡ ಫೈನಲ್ಲಿನಲ್ಲಿ ಸೋತ ದಿನದ ಪುಟದಲ್ಲಿ ಸೋಲಿನ ಮಾತೇ ಇಲ್ಲ. ದುಂಡಗಿನ ಅಕ್ಷರದಲ್ಲಿ ಇಷ್ಟೇ ಇದೆ: "ಸೈಕಲ್ ಪಂಕ್ಚರ್ ಆಗಿತ್ತು. ನಡೆದು ಬಂದೆವು." ಕಾವಲಿನ ನಾಯಿಯೇ ಕಳ್ಳನ ಕೈಯಿಂದ ರೊಟ್ಟಿ ತಿಂದಿದೆ.

ಮೊದಲ ಮಳೆ ಸುರಿದದ್ದು ಆಷಾಢದಲ್ಲಿ. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಮೈದಾನಕ್ಕೆ ಹೋಗುವಂತಿರಲಿಲ್ಲ. ಅವನ ಜೊತೆ ಗೆರೆಯ ಪಕ್ಕ ನಿಲ್ಲುತ್ತಿದ್ದವರಲ್ಲಿ ಈಗ ಯಾರೂ ಉಳಿದಿಲ್ಲ. ಅವನ ಫೋನು ಮಾತಾಡುವುದನ್ನು ಬಿಟ್ಟರೆ ಬೇರೇನೂ ಅರಿಯದು. ಹಾಗಾಗಿ ಪ್ರತಿ ಭಾನುವಾರ ನಾನೇ ಸ್ಕೂಟರಿನಲ್ಲಿ ಹೋಗಿ ನೋಡಿ ಬಂದು, ಊಟದ ಮೇಜಿನ ಮೇಲೆ ಇಡೀ ಪಂದ್ಯವನ್ನು ಆಡಿ ತೋರಿಸಬೇಕು ಎಂದಾಯಿತು. ಮಸಾಲೆ ಡಬ್ಬಿಯ ಬಟ್ಟಲುಗಳು ಆಟಗಾರರು. ಸಾಸಿವೆ ನಮ್ಮ ಗೋಲ್‌ಕೀಪರ್. "ನಿಮ್ಮ ಮ್ಯಾಚ್ ಮುಗದ್ರ ನನ್ನ ಜೀರಗಿ ಕೊಡ್ರಿ, ಒಗ್ಗರಣಿ ಹೊತ್ತಾಕತ್ತೈತಿ" ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು.

ಮೊದಲ ಪಂದ್ಯ ಗೆದ್ದೆವು, ಬಟ್ಟಲುಗಳನ್ನು ಆಡಿಸಿದೆ. ಎರಡನೆಯದರಲ್ಲಿ ಮೂರು ಗೋಲು ತಿಂದೆವು. ಮನೆಗೆ ಬಂದಾಗ ಅಪ್ಪ ಡಬ್ಬಿ ತೆಗೆದಿಟ್ಟುಕೊಂಡು ಕೂತಿದ್ದ. ಅವನ ಅಂಗಿಯ ಕಿಸೆಯಲ್ಲಿ ನಾಲಿಗೆಯ ಕೆಳಗಿಡುವ ಗುಳಿಗೆಯ ಪುಟ್ಟ ಸೀಸೆ ಉಬ್ಬಿ ಕಾಣುತ್ತಿತ್ತು. ಅದನ್ನು ನೋಡುತ್ತಲೇ ನನ್ನ ಬಾಯಿಂದ ಬಂದ ಮಾತು: "ಮಳಿ ಬಂತಪಾ. ಮ್ಯಾಚ್ ನಿಲ್ಲಿಸಿದ್ರು."

ಒಂದು ಸುಳ್ಳಿನ ಕಷ್ಟವೆಂದರೆ ಅದಕ್ಕೂ ನಿಯಮಾವಳಿ ಬೇಕಾಗುತ್ತದೆ. ನಿಂತ ಪಂದ್ಯ ಮತ್ತೆ ಯಾವಾಗ ಆಡಿಸುತ್ತಾರೆ ಎಂದು ಅಪ್ಪ ಕೇಳಿದ. ಈ ವರ್ಷ ಮಳೆ ಬಂದರೆ ಇಬ್ಬರಿಗೂ ಪಾಯಿಂಟು ಹಂಚುತ್ತಾರೆ ಎಂದು ನಾನು ಸ್ಥಳದಲ್ಲೇ ಕಾನೂನು ಮಾಡಿದೆ. ಹೀಗೆ ಎರಡನೆಯ ಮಳೆ ಬಂತು, ಮೂರನೆಯದೂ ಬಂತು. ಶ್ರಾವಣ ಮುಗಿಯುವ ಹೊತ್ತಿಗೆ ಎರಡು ಲೀಗ್‌ಗಳು ನಡೆಯುತ್ತಿದ್ದವು. ಅಪ್ಪನ ಲೀಗಿನಲ್ಲಿ ನಾವು ಇನ್ನೂ ಸೋತೇ ಇರಲಿಲ್ಲ. ನಿಜವಾದದ್ದರಲ್ಲಿ ಕೊನೆಯಿಂದ ಎರಡನೆಯವರಾಗಿದ್ದೆವು; ಕೊನೆಯ ಪಂದ್ಯವನ್ನು ಸಮ ಮಾಡಿಕೊಳ್ಳದಿದ್ದರೆ ಕೆಳಗಿನ ದರ್ಜೆಗೆ ಇಳಿಯುವುದು ಖಂಡಿತ. ನಲವತ್ತು ವರ್ಷ ಅಪ್ಪ ಕಾದುಕೊಂಡು ನಿಂತ ದರ್ಜೆ ಅದು.

ನನ್ನ ಚಿಂತೆ ಎರಡು ತುದಿಯಿಂದಲೂ ಉರಿಯುತ್ತಿತ್ತು. ನಿಜ ಹೇಳಿದರೆ ಅವನ ಎದೆಗೆ ಏನಾದೀತು ಎಂಬುದು ಒಂದು. ಹೇಳದೆ ಹೋದರೆ ಏನಾದೀತು ಎಂಬುದು ಇನ್ನೊಂದು. ನನ್ನ ಮಾತೊಂದನ್ನು ಬಿಟ್ಟು ಯಾರ ಕೂಗನ್ನೂ ನಂಬದೆ ಬೆನ್ನು ಮಾಡಿ ನಿಂತವನಿಗೆ ನಾನು ಮಾಡುತ್ತಿರುವುದಾದರೂ ಏನು? ಅವನಿಗಾಗಿ ಸುಳ್ಳು ಹೇಳುತ್ತಿದ್ದೇನೋ, ಅವನ ಮುಖ ಬಾಡುವುದನ್ನು ನೋಡಲಾರದ ನನ್ನ ಸಲುವಾಗಿಯೋ? ಇನ್ನೂ ಕೆಟ್ಟದ್ದೆಂದರೆ, ದಿನಚರಿಯಲ್ಲೂ ಆ ಮೂರು ದಿನ 'ಮಳೆ' ಎಂದೇ ಬರೆದಿದ್ದೆ. ಹತ್ತು ವರ್ಷದ ಮೇಲೆ ಓದಿದರೆ ನಾನು ಒದ್ದೆಯಾದದ್ದು ನನಗೇ ನೆನಪಾದೀತು.

ಕೊನೆಯ ಪಂದ್ಯಕ್ಕೆ ಒಂದು ವಾರ ಇರುವಾಗ, ಬೆಳಗಿನ ಚಹಾ ಕುಡಿಯುತ್ತ ಅಪ್ಪ ಹೇಳಿದ: "ಬರೂ ಐತವಾರ ನಾನೂ ಬರ್ತೇನಿ."

"ಮಳಿ ಬಂದ್ರ?" ಎಂದೆ, ರೂಢಿಯಿಂದ.

"ಈ ಸಲ ಏನ್ ಮಳಿವಾ ಅದು. ಊರೆಲ್ಲಾ ಬಿಟ್ಟು ನಮ್ಮ ಗ್ರೌಂಡಿಗೇ ಬಂದು ಬೀಳತೈತಿ."

ನಾನು ಚಹಾದ ಕಪ್ಪನ್ನೇ ನೋಡುತ್ತಿದ್ದೆ. ಅವನು ನಿಧಾನವಾಗಿ ಬಿಸ್ಕೀಟು ಅದ್ದಿದ.

"ಯಾರು ಹೇಳಿದ್ರು ನಿಂಗ?"

"ನಿನ್ನ ಗಾಡಿ ಹೇಳ್ತು. ಗೆದ್ದ ದಿನ ಗೇಟಿನ ತನಕ ಗಾಡಿ ಮ್ಯಾಲ ಬಂದು ಹಾರನ್ ಹೊಡೀತಿ. ಮಳಿ ಬಂದ ದಿನ ಮೂಲಿಮನಿ ಹತ್ರನ ಬಂದ್ ಮಾಡಿ ತಳ್ಳಕೊಂತ ಬರ್ತಿ. ಮೂರೂ ಸಲ ಹಂಗ ಬಂದಿ. ನಾ ಇಲ್ಲೆ ಕುಂತು ಕೇಳ್ತಿದ್ನೆಲ್ಲ."

ನನಗೆ ಗೊತ್ತೇ ಇರಲಿಲ್ಲ. ಈಗಲೂ ಯೋಚಿಸುತ್ತೇನೆ: ಮೂಲೆಮನೆಯ ಹತ್ತಿರ ಸ್ಕೂಟರ್ ಬಂದ್ ಮಾಡಿದ್ದು ನೆನಪಿದೆಯೇ, ಅವನು ಹೇಳಿದ ಮೇಲೆ ನೆನಪಾಗಿದೆಯೇ? ಇದ್ದ ಪೆಟ್ರೋಲನ್ನು ಇದ್ದಲ್ಲೇ ಬಿಟ್ಟು, ಅಷ್ಟು ಭಾರದ ಗಾಡಿಯನ್ನು ಮೂರು ಬಾರಿ ನೂಕಿಕೊಂಡು ಬಂದದ್ದು ನನ್ನ ಗಮನಕ್ಕೆ ಬಂದಿಲ್ಲ. ಅಪ್ಪನಿಂದ ನನಗೆ ಮೂಗು ಬಂದಿದೆ, ರಕ್ತದೊತ್ತಡ ಬರುವ ಸೂಚನೆಯಿದೆ ಎಂದಷ್ಟೇ ತಿಳಿದಿದ್ದೆ.

"ಮತ್ತ ಸುಮ್ಮನ್ಯಾಕಿದ್ದಿ?"

"ನೀ ಅಷ್ಟ ಅಂಜಿದ್ದೆಲ್ಲ. ಮಳಿ ಇದ್ರ ಇರಲಿ ಅಂದ್ನಿ."

ಡಾಕ್ಟರಿಗೆ ಫೋನು ಮಾಡಿದೆ. ತಿಂಗಳುಗಳಾಗಿವೆ, ನಡೆದಾಡುತ್ತಾರೆ, ಹೋಗಲಿ ಬಿಡ್ರಿ ಎಂದರು. ಆಡುವುದು ಮಾತ್ರ ಬೇಡ. ನಾನು ಆಟೋ ಎಂದೆ, ಅಪ್ಪ ಸ್ಕೂಟರ್ ಎಂದ. ಹೋಗುವಾಗ ಅವನು ನನ್ನ ಹಿಂದೆ ಕೂತು ದಾರಿಯುದ್ದಕ್ಕೂ ಬ್ರೇಕು ಹಾಕುವುದನ್ನು ಕಲಿಸಿದ.

ಆ ಪಂದ್ಯ ಹೇಗಿತ್ತೆಂದು ಕೇಳಿದರೆ ನಾನು ವರ್ಣಿಸಲಾರೆ. ನಾನು ನೋಡಿದ್ದು ಅಪ್ಪನನ್ನು. ತುಟಿಯ ಬಣ್ಣ, ಹಣೆಯ ಬೆವರು, ಉಸಿರು. ನನ್ನ ಬ್ಯಾಗಿನಲ್ಲಿ ನೀರು, ಗುಳಿಗೆ, ಆಸ್ಪತ್ರೆಯ ಕಾಗದ, ಇನ್ನೊಂದು ಸೀಸೆ ಗುಳಿಗೆ. ಎದುರಿನವರು ಗೋಲು ಹೊಡೆದಾಗ ಅವನು "ಥತ್" ಎಂದ. ನಾನು ಅವನ ನಾಡಿ ಹಿಡಿದೆ. "ಇದೇನ್ ಮ್ಯಾಚೋ ತಪಾಸಣಿಯೋ" ಎಂದು ಕೈ ಬಿಡಿಸಿಕೊಂಡ. ಬೇವಿನ ಮರ ಈಗ ಇಲ್ಲ. ಅಲ್ಲೊಂದು ಮೊಬೈಲ್ ಟವರ್ ಇದೆ.

ಆಟ ಮುಗಿಯಲು ಸ್ವಲ್ಪ ಹೊತ್ತು ಇರುವಾಗ ನಮಗೆ ಪೆನಾಲ್ಟಿ ಸಿಕ್ಕಿತು. ಹಾಕಿದರೆ ಸಮ, ದರ್ಜೆ ಉಳಿಯುತ್ತದೆ. ನಾನು ಅಪ್ಪನ ಭುಜ ಹಿಡಿದು ಟವರಿನ ಕಡೆ ತಿರುಗಿಸಲು ಹೋದೆ. ಅವನು ಕದಲಲಿಲ್ಲ.

"ಈ ಸಲ ನೀ ತಿರುಗು."

"ಅಪ್ಪಾ, ಬ್ಯಾಡ. ನಾ ನೋಡಿ ಹೇಳ್ತೇನಿ."

"ನೀ ಎಲ್ಲಿ ನೋಡ್ತಿ, ನನ್ನ ಮಾರಿ ನೋಡಾಕತ್ತಿ. ಯಾರರೆ ಒಬ್ರು ಅತ್ತಾಗ ನೋಡಬೇಕಲ್ಲ. ತಿರುಗು."

ತಿರುಗಿದೆ. ನನ್ನ ಐವತ್ತರ ಹತ್ತಿರದ ಕೈಯನ್ನು ಅವನು ಹಿಡಿದುಕೊಂಡ. ಈಗ ಬೆವರಿದ್ದು ನನ್ನದು. ಮೊಬೈಲ್ ಟವರನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಾರರು. ಬೆನ್ನು ಮಾಡಿ ನಿಂತರೆ ಏನೂ ಕಡಿಮೆಯಾಗುವುದಿಲ್ಲ ಎಂದು ಆಗ ಗೊತ್ತಾಯಿತು; ಎಲ್ಲವೂ ಬೆನ್ನಲ್ಲಿ ಆಗುತ್ತದೆ, ಅಷ್ಟೇ. ಇದನ್ನು ಅವನು ಇಷ್ಟು ವರ್ಷ ಹೇಗೆ ತಡೆದುಕೊಂಡ? ಸೀಟಿ ಕೇಳಿಸಿತು. ಚೆಂಡಿಗೆ ಕಾಲು ತಾಗಿದ ಸದ್ದು. ಆಮೇಲೆ ಎರಡೂ ಕಡೆಯವರು ಒಟ್ಟಿಗೆ ಚೀರಿದರು. ಅದರಿಂದ ಏನೂ ತಿಳಿಯಲಿಲ್ಲ. ಕಾದೆ. ಅಪ್ಪನ ಕೈ ಬಿಗಿಯಾಗಲೂ ಇಲ್ಲ, ಸಡಿಲಾಗಲೂ ಇಲ್ಲ.

"ಹೋತು," ಎಂದ. ನಲ್ಲಿಯ ನೀರು ಹೋಯಿತು ಎಂದು ಹೇಳುವ ದನಿ. "ಮ್ಯಾಲಿಂದ ಹೋತು. ಹುಡುಗ ಛಲೋ ಅದಾನ, ಅಂಜಿದ. ತಿರುಗಿನ್ನ."

ತಿರುಗಿದೆ. ಅವನ ಮುಖ ಬಾಡಿತ್ತು. ನಾನು ಮೂರು ಭಾನುವಾರ ಮಳೆ ಸುರಿಸಿ ನೋಡದೆ ತಪ್ಪಿಸಿಕೊಂಡ ಮುಖ ಅದು. ಎಷ್ಟು ಬಾಡಬೇಕೋ ಅಷ್ಟು ಬಾಡಿತ್ತು. ಅದಕ್ಕಿಂತ ಹೆಚ್ಚಿಲ್ಲ.

ವಾಪಸು ಬರುವಾಗ ನವನಗರದ ಮೂಲೆಮನೆಯ ಹತ್ತಿರ ನಾನು, ಈ ಸಲ ಗೊತ್ತಿದ್ದೇ, ಸ್ಕೂಟರ್ ಬಂದ್ ಮಾಡಿದೆ. ಅಪ್ಪ ಇಳಿದ. ನಾನು ತಳ್ಳಿದೆ, ಅವನು ಸೀಟಿನ ಮೇಲೆ ಸುಮ್ಮನೆ ಒಂದು ಕೈಯಿಟ್ಟು ಪಕ್ಕದಲ್ಲಿ ನಡೆದ. ಸಂಜೆಯ ಬಿಸಿಲು ಇನ್ನೂ ಇತ್ತು. ಗೇಟಿನಲ್ಲಿ ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇವತ್ತೇನ್ರಿ," ಎಂದಳು ಇಬ್ಬರನ್ನೂ ನೋಡಿ, "ಪಂಕ್ಚರೋ, ಮಳಿಯೋ?"

ಅಪ್ಪ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ.

"ಸೋತ್ವಿ," ಎಂದ ಅಪ್ಪ.

ಈ ಒಂದು ಮಾತನ್ನು ಅವನ ಬಾಯಿಂದ ಅದಕ್ಕೆ ಮೊದಲು ಎಂದಾದರೂ ಕೇಳಿದ್ದೆನೋ ಇಲ್ಲವೋ. ನೆನಪು ಇಲ್ಲ ಎನ್ನುತ್ತದೆ, ಅದನ್ನು ನಾನು ನಂಬುವುದಿಲ್ಲ. ಅವ್ವ "ಆತೇಳ್ರಿ, ಕೈಕಾಲ್ ತೊಳ್ಕೊರ್ರಿ" ಎಂದು ಒಳಗೆ ಹೋದಳು. ನಾನು ದಿನಚರಿ ತೆಗೆದು, ಮೊದಲು ಆ ಮೂರು ಪುಟಗಳ 'ಮಳೆ'ಯನ್ನು ಹೊಡೆದು ಹಾಕಿದೆ. ಆಮೇಲೆ ಅಂದಿನ ಪುಟದಲ್ಲಿ ಬರೆದೆ: ಸೋತೆವು. ಒಳ್ಳೆಯ ಬಿಸಿಲಿತ್ತು. ಮುಂದಿನ ವರ್ಷ ಕೆಳಗಿನ ದರ್ಜೆ, ಇಬ್ಬರೂ ಹೋಗುವುದು.