ಊರಿಗೊಂದು ರೇಟು

ನಾನು ಮದುವೆ ಆಲ್ಬಂ ಮಾಡುವವಳು. ಫೋಟೊ ತೆಗೆಯುವುದಿಲ್ಲ. ತೆಗೆದವರು ಪೆನ್‌ಡ್ರೈವ್‌ನಲ್ಲಿ ತುಂಬಿ ಕಳಿಸುವ ಸಾವಿರಾರು ಫೋಟೊಗಳಲ್ಲಿ ಕಣ್ಣು ಮುಚ್ಚಿದವರನ್ನು, ಆಕಳಿಸಿದವರನ್ನು, ಬಾಯಿತುಂಬ ಅನ್ನ ಇಟ್ಟುಕೊಂಡವರನ್ನು ಬಿಟ್ಟು, ಮಿಕ್ಕವರನ್ನು ಅಂದವಾಗಿ ಹಾಳೆಗೆ ಕೂರಿಸಿ, ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿಕೊಡುವುದು ನನ್ನ ಕೆಲಸ. ತುಮಕೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆ ಮನೆಯವರೇ ನೇರವಾಗಿ ತಂದುಕೊಡುವುದೂ ಉಂಟು. ಗುಬ್ಬಿ, ಕುಣಿಗಲ್ ಕಡೆಯ ಸ್ಟುಡಿಯೊದವರು ತಮ್ಮ ಗಿರಾಕಿಗಳ ಕೆಲಸವನ್ನು ಸದ್ದಿಲ್ಲದೆ ನನಗೆ ದಾಟಿಸಿ, ಕೊನೆಯ ಪುಟದಲ್ಲಿ ತಮ್ಮ ಹೆಸರು ಹಾಕಿಕೊಳ್ಳುವುದೂ ಉಂಟು. ನನ್ನ ಹೆಸರು ಎಲ್ಲೂ ಬರುವುದಿಲ್ಲ. ಅದರಿಂದ ನನಗೇನೂ ಬೇಸರವಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿರುತ್ತೇನೆ.

ಬಹಳ ವರ್ಷ ನಾನೂ ಎಲ್ಲರ ಹಾಗೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್‌ನಲ್ಲೇ ಕೆಲಸ ಮಾಡಿದೆ. ಒಂದು ದಿನ ಕಂಪ್ಯೂಟರಿಗೆ ವೈರಸ್ ಬಡಿದು ಒಂದಿಡೀ ಆರತಕ್ಷತೆ ಮಾಯವಾಯಿತು. ಆ ಮನೆಯವರ ಬೈಗುಳ ತಿಂದು ಸಾಕಾಗಿ, ಅಸಲಿ ಸಾಫ್ಟ್‌ವೇರ್‌ಗೆ ಚಂದಾ ಕಟ್ಟತೊಡಗಿದೆ. ಇದನ್ನು ಕೊಳ್ಳುವ ಹಾಗಿಲ್ಲ. ತಿಂಗಳು ತಿಂಗಳು ಕಟ್ಟುತ್ತಿರಬೇಕು, ನಿಲ್ಲಿಸಿದರೆ ನಮ್ಮ ಕೆಲಸಕ್ಕೆ ನಾವೇ ಪರಕೀಯರು. "ಮನೆ ಸ್ವಂತದ್ದು, ಕೈಗೆ ಬಾಡಿಗೆ" ಎಂದು ನನ್ನ ಗಂಡ ನಕ್ಕರು. ಅವರು ಕಾಲೇಜೊಂದರಲ್ಲಿ ಗುಮಾಸ್ತರು. ಸಂಬಳ ಅವರಿಗೆ ತಾನಾಗಿ ಬರುತ್ತದೆ, ಆದ್ದರಿಂದ ನಗುವೂ ಬರುತ್ತದೆ.

ಹೀಗಿರುವಾಗ, ಇದೇ ಸಾಫ್ಟ್‌ವೇರ್ ಬೇರೆ ಯಾವುದೋ ದೇಶದಲ್ಲಿ ನಮಗಿಂತ ಅಗ್ಗ ಎಂದು ಯಾರೋ ಹುಡುಗ ವಿಡಿಯೊ ಒಂದರಲ್ಲಿ ಹೇಳಿದ. ನನಗೆ ಹೊಟ್ಟೆ ಉರಿಯಿತು. ಅವನು ಹೇಳಿದ ಹಾಗೆ ಏನೇನೋ ಹಾಕಿಕೊಂಡು, ನಾನು ಆ ದೇಶದಲ್ಲೇ ಕೂತಿದ್ದೇನೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಿದೆ. ಅದು ನಂಬಿತು. ನಂಬಿ, ಇಡೀ ಪುಟವನ್ನು ಆ ದೇಶದ ಭಾಷೆಗೆ ತಿರುಗಿಸಿಟ್ಟಿತು. ಬಣ್ಣ ನೋಡಿ, ಅಂದಾಜಿನ ಮೇಲೆ ಬಟನ್ ಒತ್ತುತ್ತಾ ಹೋದೆ. ಕೊನೆಗೆ ನನ್ನ ಕಾರ್ಡ್ ನಂಬರ್ ಹಾಕಿದ ಕೂಡಲೇ ಅದಕ್ಕೆ ನಾನು ಯಾರು, ಎಲ್ಲಿಯವಳು ಎಂದು ಗೊತ್ತಾಗಿಹೋಯಿತು. ಭಾರತದ ಕಾರ್ಡಿಗೆ ಭಾರತದ ರೇಟೇ.

ಕಂಪನಿಯವರ ಜೊತೆ ಚಾಟ್‌ನಲ್ಲಿ ಜಗಳಕ್ಕೆ ಕೂತೆ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಒಂದೇ ವಸ್ತುವಿಗೆ ಅಲ್ಲೊಂದು ರೇಟು ಇಲ್ಲೊಂದು ರೇಟು ಯಾಕೆ ಎಂದು ಕೇಳಿದೆ. ಬೆಲೆಗಳು ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತವೆ ಎಂದು ಉತ್ತರ ಬಂತು. ಇದು ನ್ಯಾಯವೇ ಎಂದೆ. ಅದೇ ಉತ್ತರ ಮತ್ತೊಮ್ಮೆ ಬಂತು. ಹಾಗಾದರೆ ನನಗೆ ಬೇಡವೇ ಬೇಡ, ರದ್ದು ಮಾಡಿ ಎಂದೆ. ತಕ್ಷಣ ಆ ಕಡೆಯವರು ಮೆತ್ತಗಾದರು. ಹೋಗಬೇಡಿ, ಎರಡು ತಿಂಗಳು ಉಚಿತ ಕೊಡುತ್ತೇವೆ ಎಂದರು.

ನಾನು ಗೆದ್ದೆ. ಸೊಪ್ಪಿನವಳು ಬುಟ್ಟಿ ಎತ್ತಿಕೊಂಡು ಹೊರಟವಳು ನಾನು ಕೇಳಿದ ರೇಟಿಗೇ ವಾಪಸ್ ಬಂದಷ್ಟು ಸಂತೋಷವಾಯಿತು. ಆ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗಿದೆ. ಗಂಡ ಮಾತ್ರ, "ಎಳನೀರಿಗೂ ಗುಬ್ಬೀಲೊಂದು ರೇಟು, ಬೆಂಗಳೂರಲ್ಲೊಂದು ರೇಟು. ಅದಕ್ಯಾಕೆ ಜಗಳ ಆಡಲ್ಲ ನೀನು?" ಎಂದರು. ಎಳನೀರು ಬೇರೆ, ಇದು ಬೇರೆ ಎಂದೆ. ಹೇಗೆ ಬೇರೆ ಎಂದು ಅವರು ಕೇಳಲಿಲ್ಲ, ನನ್ನ ಪುಣ್ಯ.

ಇಲ್ಲಿ ನನ್ನ ರೇಟಿನ ವಿಷಯ ಹೇಳಬೇಕು. ಆಲ್ಬಮ್ಮಿಗೆ ನಾವು ಶೀಟಿನ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇವೆ. ತುಮಕೂರಿನವರಿಗೆ ನಾನು ಹೇಳುತ್ತಿದ್ದದ್ದು ಶೀಟಿಗೆ ಇನ್ನೂರೈವತ್ತು. ಕುಣಿಗಲ್ ಕಡೆಯವರಿಗೆ ಇನ್ನೂರ ಇಪ್ಪತ್ತು, ಏಕೆಂದರೆ ಆ ತಾಲ್ಲೂಕಿನ ಹುತ್ರಿದುರ್ಗ ನನ್ನ ಅತ್ತೆಯ ಮನೆ. ಗುಬ್ಬಿ ಕಡೆಯವರಿಗೆ ನೂರ ಎಂಬತ್ತು. ಆ ಕಡೆಯ ಸಿ.ಎಸ್. ಪುರ ನನ್ನ ತವರು. ಅಲ್ಲಿಯವರು ನನ್ನನ್ನು ಮೂಗು ಸೋರಿಸಿಕೊಂಡು ಓಡಾಡಿದ ಕಾಲದಿಂದ ಬಲ್ಲವರು, ಬಂದವರು ಕೂತಲ್ಲಿಂದ ಏಳದೆ ಚೌಕಾಸಿ ಮಾಡುತ್ತಾರೆ. ಇದನ್ನೆಲ್ಲ ನಾನು ಯಾವತ್ತೂ ತಾರತಮ್ಯ ಎಂದುಕೊಂಡಿರಲಿಲ್ಲ. ವ್ಯವಹಾರ ಎಂದುಕೊಂಡಿದ್ದೆ.

ಕುಣಿಗಲ್ ಊರಿನಲ್ಲಿ ನನ್ನ ನಾದಿನಿ ಇದ್ದಾಳೆ, ಗಂಡನ ಒಬ್ಬಳೇ ತಂಗಿ. ಹೆಂಗಸಿಗೆ ಕಂಪ್ಯೂಟರ್ ಯಾಕೆ ಎಂದು ನನ್ನ ಅತ್ತೆ ಹಟ ಹಿಡಿದಾಗ ನನ್ನ ಪರ ಮಾತಾಡಿದವಳು ಅವಳೊಬ್ಬಳೇ. ನನ್ನ ಮೊದಲ ಗಿರಾಕಿಯೂ ಅವಳೇ. ಗೃಹಪ್ರವೇಶ, ಮಕ್ಕಳ ಹುಟ್ಟುಹಬ್ಬ ಎಲ್ಲದರ ಆಲ್ಬಮ್ಮೂ ನನ್ನ ಹತ್ತಿರವೇ. ಹೇಳಿದಷ್ಟು ಕೊಟ್ಟಳು, ಕೊಟ್ಟಾಗ ತೆಗೆದುಕೊಂಡಳು. ನಮ್ಮವಳೇ ತಾನೆ ಎಂದು ಅವಳ ಕೆಲಸವನ್ನು ನಾನು ಬೇರೆಲ್ಲ ಮುಗಿದ ಮೇಲೆ ಕೈಗೆತ್ತಿಕೊಳ್ಳುತ್ತಿದ್ದೆ. ದಿನಾ ಸಂಜೆ ಫೋನ್ ಮಾಡಿ ಅರ್ಧ ಗಂಟೆ ಹರಟುವವಳು ಅವಳು.

ಅವಳ ಮಗಳಿಗೆ ಸಿ.ಎಸ್. ಪುರದ ಹುಡುಗನ ಸಂಬಂಧ ಕುದುರಿಸಿದ್ದು ನಾನೇ. ಮದುವೆ ಚೆನ್ನಾಗಿ ನಡೆಯಿತು. ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು ಆಲ್ಬಂ, ಎರಡೂ ನನಗೇ. ಎರಡೂ ಕಡೆಗೆ ರೇಟು ಹೇಳಿದ್ದೆ. ಅವರವರ ಊರಿನ ರೇಟು.

ನಾದಿನಿಯ ಮನೆಯ ಮುಂದೆ ಶಾಮಿಯಾನ ಹಾಕಿ ಬೀಗರ ಊಟ ಇಟ್ಟುಕೊಂಡಿದ್ದರು. ಮುದ್ದೆ, ಮಟನ್ ಸಾರು. ಸಾಲಿನಲ್ಲಿ ನನ್ನ ಪಕ್ಕ ಹುಡುಗನ ತಾಯಿ. ನನ್ನ ಊರಿನವಳು, ಚಿಕ್ಕಂದಿನಿಂದ ಅಕ್ಕ ಎನ್ನುತ್ತೇನೆ. ಎದುರಿಗೆ ಒಂದಿಷ್ಟು ಹೆಂಗಸರು. ಕೇಳುವವರು ಸಿಕ್ಕರೆಂದು ನಾನು ಕಂಪನಿಯನ್ನು ಬಗ್ಗಿಸಿದ ಕಥೆ ಶುರು ಮಾಡಿದೆ. "ನೋಡ್ರಿ, ಅದೇ ವಸ್ತು. ಅವ್ರಿಗೊಂದು ರೇಟು, ನಮಗೊಂದು ರೇಟು. ಬೇರೆ ಊರಲ್ಲಿ ಹುಟ್ಟಿದ್ದೇ ತಪ್ಪಾ?" ಎಂದು ಮೂಳೆ ಹಿಡಿದ ಕೈ ಎತ್ತಿ ಕೇಳಿದೆ. ಎಲ್ಲರೂ ಅನ್ಯಾಯ ಕಣಮ್ಮ ಎಂದರು.

ಸಾರು ಬಡಿಸುತ್ತಾ ಬಂದ ನಾದಿನಿ ಇದನ್ನು ಕೇಳಿಸಿಕೊಂಡಳು. ನನ್ನ ಬಗ್ಗೆ ಅವಳಿಗೆ ಹೆಮ್ಮೆ. ಹೊಸ ಬೀಗಿತ್ತಿಯ ಮುಂದೆ ಅದನ್ನು ತೋರಿಸಬೇಕೆನ್ನಿಸಿತೇನೋ. "ನಮ್ಮ ಅತ್ಗೆ ಹಂಗಲ್ಲ ಕಣಕ್ಕ. ನಂಗೆ ಮನೆ ರೇಟ್ ಹಾಕವ್ರೆ. ಶೀಟಿಗೆ ಬರೀ ಇನ್ನೂರಿಪ್ಪತ್ತು. ಹೊರಗಡೆ ಯಾರು ಮಾಡ್ಕೊಡ್ತಾರೆ?" ಎಂದಳು.

ಹುಡುಗನ ತಾಯಿ ಮುದ್ದೆ ಮುರಿಯುತ್ತಾ, ಕೆಟ್ಟ ಮನಸ್ಸೇನೂ ಇಲ್ಲದೆ, "ಇನ್ನೂರಿಪ್ಪತ್ತಾ? ನಮ್ಗೆ ನೂರೆಂಬತ್ತು ಅಂದ್ಲಲ್ಲ" ಎಂದಳು.

ನಾದಿನಿಯ ಕೈಯಲ್ಲಿದ್ದ ಸೌಟು ನಿಂತಿತು. ಸಾಲಿನ ಹೆಂಗಸರೆಲ್ಲ ನನ್ನನ್ನು ನೋಡಿದರು. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಮುಚ್ಚಲಿಲ್ಲ. "ಅಲ್ಲ ಕಣೇ, ಅದು ಏರಿಯಾ ಮೇಲೆ ಹೋಗುತ್ತೆ. ಒಂದೊಂದು ಏರಿಯಾಕ್ಕೆ ಒಂದೊಂದು ರೇಟಿರುತ್ತೆ" ಎಂದೆ. ಕಂಪನಿಯವರು ಹೇಳಿದ ಅದೇ ಮಾತು ನನ್ನ ಬಾಯಿಂದ ಅಚ್ಚ ಕನ್ನಡದಲ್ಲಿ ಬಂದಿತ್ತು.

"ಕುಣಿಗಲ್ ಏನ್ ಫಾರಿನ್ನಾ ಅತ್ಗೆ?" ಎಂದಳು ನಾದಿನಿ.

ಎಲ್ಲರೂ ನಕ್ಕರು. ಅವಳೂ ನಕ್ಕಳು, ಆದರೆ ಮುಖ ಕೆಂಪಾಗಿತ್ತು. ಮಗಳನ್ನು ಕೊಟ್ಟ ಮನೆಯವರ ಎದುರಿಗೆ, ನಮ್ಮವರು ನಮ್ಮವರು ಎಂದು ಹೇಳಿಕೊಂಡ ಬಾಯಿ ಮುಚ್ಚುವ ಮೊದಲೇ ಮರ್ಯಾದೆ ಹೋಗಿತ್ತು. ಸಾರಿನ ಪಾತ್ರೆಯನ್ನು ಪಕ್ಕದಲ್ಲಿ ಬಡಿಸುತ್ತಿದ್ದ ಹುಡುಗನಿಗೆ ಕೊಟ್ಟು, "ಮೇಡಮ್ಮೋರಿಗೆ ಇನ್ನೊಂದು ಮುದ್ದೆ ಬೇಕಾ ಕೇಳಪ್ಪ" ಎಂದು ಒಳಗೆ ಹೋದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ವಾಪಸ್ ಬರುವಾಗ ಬಸ್ಸಿನಲ್ಲಿ ಗಂಡ, "ಎರಡು ತಿಂಗಳು ಫ್ರೀ ಕೊಟ್ಟು ನೋಡು" ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಸಂಜೆಯ ಫೋನು ನಿಂತುಹೋಯಿತು. ಒಂದು ವಾರ ಕಾದು ನಾನೇ ಮಾಡಿದೆ. ಫೋಟೊ ಯಾವಾಗ ಕಳಿಸ್ತೀಯ ಎಂದು ಏನೂ ಆಗದವಳ ಹಾಗೆ ಕೇಳಿದೆ.

"ಬ್ಯಾಡ ಬುಡಿ. ಇಲ್ಲೇ ಸ್ಟುಡಿಯೋಲಿ ಮಾಡುಸ್ತೀನಿ."

"ನಿಂಗೂ ನೂರೆಂಬತ್ತೇ ಹಾಕ್ತೀನಿ ಕಣೇ."

ಬೇಡ ಎಂದಳು. ನೂರೈವತ್ತು ಎಂದೆ. ದುಡ್ಡೇ ಬೇಡ, ಸುಮ್ಮನೆ ಮಾಡಿಕೊಡುತ್ತೇನೆ ಎಂದೆ.

"ಬುಟ್ಟು ಹೋಯ್ತೀನಿ ಅಂದ್ಮೇಲೆ ಕಡಿಮೆ ಮಾಡ್ತೀರಾ?" ಎಂದಳು. "ನಾನು ನಿಮ್ಮತ್ರ ಒಂದಿನಾನೂ ಚೌಕಾಸಿ ಮಾಡ್ಲಿಲ್ಲ. ಅದ್ಕೇ ಜಾಸ್ತಿ ಹಾಕುದ್ರಾ?"

ಫೋನ್ ಇಟ್ಟ ಮೇಲೆ ನನಗೆ ಅಳು ಬಂತು. ಅವಳು ಹೇಳಿದ್ದು ನಿಜವಾಗಿತ್ತು. ಜಗಳ ಆಡಿದವರಿಗೆ ಇಳಿಸಿದ್ದೆ, ನಂಬಿ ಸುಮ್ಮನಿದ್ದವಳ ಹತ್ತಿರ ಹೇಳಿದಷ್ಟೂ ತೆಗೆದುಕೊಂಡಿದ್ದೆ. ಕಂಪನಿಯಾದರೋ ನನ್ನ ಮುಖ ನೋಡಿದ್ದಲ್ಲ, ನನ್ನ ಮನೆಯಲ್ಲಿ ಉಂಡಿದ್ದಲ್ಲ. ನಾನು ಅವಳ ಮುಖ ನೋಡಿ, ಅವಳ ಮನೆಯಲ್ಲಿ ಉಂಡು ಅದೇ ಕೆಲಸ ಮಾಡಿದ್ದೆ. ಇಷ್ಟೆಲ್ಲ ಬುದ್ಧಿ ಬಂದರೂ, ಉಚಿತದ ಎರಡು ತಿಂಗಳನ್ನು ಕಂಪನಿಗೆ ವಾಪಸ್ ಕೊಡಬೇಕು ಎಂದೇನೂ ನನಗೆ ಅನ್ನಿಸಲಿಲ್ಲ.

ಹುಡುಗನ ಕಡೆಯ ಆಲ್ಬಂ ಬೇಗ ಬೇಗ ಮುಗಿಸಿ ಕಳಿಸಿದೆ. ಆಮೇಲೆ ಕುಣಿಗಲ್ಲಿನ ಸ್ಟುಡಿಯೊ ಒಂದರಿಂದ ಕೊರಿಯರ್‌ನಲ್ಲಿ ಪೆನ್‌ಡ್ರೈವ್ ಬಂತು. "ಅರ್ಜೆಂಟು ಮೇಡಂ, ಪಾರ್ಟಿ ಸ್ವಲ್ಪ ಖಡಕ್" ಎಂದು ಸ್ಟುಡಿಯೊದವನು ಫೋನಿನಲ್ಲಿ ಎಚ್ಚರಿಸಿದ. ತೆರೆದು ನೋಡಿದರೆ ಅರಿಶಿನದ ತಟ್ಟೆ ಹಿಡಿದು ನನ್ನ ನಾದಿನಿ ನಿಂತಿದ್ದಳು.

ಪಾರ್ಟಿ ನನ್ನ ನಾದಿನಿ ಎಂದು ಅವನಿಗೂ ಗೊತ್ತಿರಲಿಲ್ಲ, ಕೆಲಸ ನನ್ನ ಹತ್ತಿರ ಬಂದಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಹೇಳಿದರೆ ಅವಳು ಅಲ್ಲಿಂದಲೂ ಕಿತ್ತುಕೊಂಡು ಬೆಂಗಳೂರಿಗೆ ಕೊಡುತ್ತಾಳೆ ಎಂದು ಸುಮ್ಮನಾದೆ. ಸ್ಟುಡಿಯೊದವರು ನನಗೆ ಕೊಡುವುದು ಬರೀ ಡಿಸೈನಿನ ಕೂಲಿ. ಹುಟ್ಟಿದಾಗಿನಿಂದ ಯಾರಿಗೂ ಮಾಡದಷ್ಟು ಮನಸ್ಸಿಟ್ಟು ಆ ಕೂಲಿಗೆ ಕೆಲಸ ಮಾಡಿದೆ. ಹೆಣ್ಣಿನ ತಾಯಿ ಮದುವೆಯ ಫೋಟೊಗಳಲ್ಲಿ ಸಿಗುವುದೇ ಕಷ್ಟ. ಒಂದು ಕಡೆ ಭುಜ, ಒಂದು ಕಡೆ ಸೆರಗು, ಒಂದು ಕಡೆ ಯಾರಿಗೋ ಕುರ್ಚಿ ಎಳೆಯುತ್ತಿರುವ ಕೈ. ಎಲ್ಲ ಫೋಟೊಗಳನ್ನೂ ಮತ್ತೆ ಮತ್ತೆ ಜಾಲಾಡಿ ಅವಳನ್ನು ಹುಡುಕಿದೆ. ಧಾರೆಯ ಹೊತ್ತಿನಲ್ಲಿ ಜನರ ಹಿಂದೆ ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದ ಒಂದು ಸಿಕ್ಕಿತು. ಸುತ್ತಲಿದ್ದ ತಲೆಗಳನ್ನೆಲ್ಲ ತೆಗೆದು, ಒಂದಿಡೀ ಶೀಟಿನ ತುಂಬ ಅವಳನ್ನೊಬ್ಬಳನ್ನೇ ಇಟ್ಟೆ. ಹಿಂದೆ ಅವಳೇ ತಂದುಕೊಟ್ಟಿದ್ದ ಅಷ್ಟೂ ಆಲ್ಬಮ್ಮುಗಳಲ್ಲಿ ಅಂಥದೊಂದು ಶೀಟು ಇರಲಿಲ್ಲ.

ಆಲ್ಬಂ ಅವಳ ಕೈ ಸೇರಿದ ದಿನ ಸಂಜೆ ನನ್ನ ಫೋನ್ ಹೊಡೆದುಕೊಂಡಿತು.

"ಅತ್ಗೆ, ಆಲ್ಬಂ ಬಂತು" ಎಂದಳು. "ಬೇಜಾರ್ ಮಾಡ್ಕಬ್ಯಾಡಿ, ಇದ್ದಿದ್ದು ಇದ್ದಂಗೆ ಹೇಳ್ತೀನಿ. ನಿಮಗಿಂತ ಚೆನ್ನಾಗ್ ಮಾಡವ್ನೆ."

"ಹೌದಾ?"

"ಇಡೀ ಮದ್ವೇಲಿ ನಾನು ಎಲ್ಲಿದ್ದೆ ಅಂತ ನಂಗೇ ಗೊತ್ತಿಲ್ಲ. ಅವ್ನು ಹುಡುಕಿ ಹುಡುಕಿ ಹಾಕವ್ನೆ. ಒಂದು ಫೋಟೊ ನೋಡಿ ಅತ್ತುಬುಟ್ಟೆ ಅತ್ಗೆ."

ರೇಟ್ ಎಷ್ಟು ತಗೊಂಡ ಎಂದು ಕೇಳಿದೆ. ಇಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬರುವುದು ಅದೇ.

"ನಿಮಗಿಂತ ಜಾಸ್ತೀನೇ ತಗಂಡ. ತಗಳ್ಲಿ ಬುಡಿ. ನಮ್ಮೋನಲ್ಲ, ಏನಲ್ಲ, ಆದ್ರೂ ಮನೆ ಕೆಲ್ಸ ಅನ್ನೋ ತರ ಮಾಡವ್ನೆ. ನೀವೂ ಒಂದ್ಸಲ ಬಂದು ನೋಡಿ ಕಲ್ತ್ಕಳಿ ಅತ್ಗೆ."

"ಬರ್ತೀನಿ ಕಣೇ" ಎಂದೆ.